ಹಳೆಯ ಆಟ ಆಡುವ ಹವಳಗಾದ ಮಕ್ಕಳಿಗೆ



ಮನೆಯಲ್ಲಿ ಹಿರಿಯರು “ಮೊಬೈಲ್ ಬಿಡು” ಅಂತ ಗದರಿದಾಗ ಅವರ ಕಣ್ಣಿಗೆ ಆ ಮೊಬೈಲಿನ ಒಳಗಿರುವುದೆಲ್ಲ ಒಂದೇ. ರೀಲ್ಸ್ ನೋಡುತ್ತ ಕೂತವರಿಗೂ, ರಮ್ಮಿಗೆ ದುಡ್ಡು ಕಟ್ಟಿದವರಿಗೂ, ಎಮ್ಯುಲೇಟರ್ ಹಾಕಿಕೊಂಡು ಗೇಮ್‌ಬಾಯ್ ಕಾಲದ ಆಟ ತೆರೆದವರಿಗೂ ಒಂದೇ ಬೈಗುಳ. ನಾನು ಹಾಗೆ ಬೈಯುವುದಿಲ್ಲ. ಗುಡಿಯ ಕಟ್ಟೆಯ ಮೇಲೆ ನೀವು ನಾಲ್ಕು ಜನ ಒಂದೇ ಫೋನಿಗೆ ತಲೆ ಕೂಡಿಸಿ, ನಿಮ್ಮ ಅಪ್ಪ ಅವ್ವ ಸಣ್ಣವರಿದ್ದಾಗ ತಯಾರಾದ ಆಟದಲ್ಲಿ ಮುಂದಿನ ದಾರಿ ಯಾವುದು ಅಂತ ಜಗಳಾಡುವುದನ್ನು ಕೇಳಿದ್ದೇನೆ. ಆ ಜಗಳದಲ್ಲಿ ಯೋಚನೆ ಇದೆ, ನೆನಪಿದೆ, ಒಬ್ಬರಿಗೊಬ್ಬರು ಹೇಳಿಕೊಡುವುದಿದೆ. ಅದು ನಿಲ್ಲಬಾರದು. ಆದರೆ ಅದು ಅಲ್ಲಿಗೇ ಮುಗಿಯಲೂ ಬಾರದು. ಆಡಿ ಮುಗಿಸಿದ ಆಟದ ಹೊಟ್ಟೆ ಬಿಚ್ಚಿ ನೋಡುವ, ಆಮೇಲೆ ನಿಮ್ಮದೇ ಒಂದು ಆಟ ಕಟ್ಟುವ ಹಂತಕ್ಕೆ ನೀವು ಹೋಗಬೇಕು. ಈ ಪತ್ರವನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಅಫಜಲಪುರದಲ್ಲಿ ಬಹಳ ವರ್ಷ ರೇಡಿಯೋ, ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡಿದವನು ನಾನು. ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮು, ಅದರ ಕ್ಯಾಸೆಟ್ಟು, ಜಾತ್ರೆಯಲ್ಲಿ ಕೊಂಡ ಬ್ರಿಕ್ ಗೇಮು, ಎಲ್ಲವೂ ನನ್ನ ಮೇಜಿನ ಮೇಲೆ ಬಂದಿವೆ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಅಂದುಕೊಳ್ಳುತ್ತೇನೆ.

ಮೊದಲು, ನೀವು ಆಡುತ್ತಿರುವುದು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. ಜಪಾನಿನ ಕ್ಯೋಟೋದಲ್ಲಿ ನಿಂಟೆಂಡೋ ಅಂತ ಒಂದು ಕಂಪನಿ. 1889ರಲ್ಲಿ ಶುರುವಾದಾಗ ಅದು ಮಾಡುತ್ತಿದ್ದದ್ದು ಇಸ್ಪೀಟಿನ ತರಹದ, ಹೂವಿನ ಚಿತ್ರದ ಎಲೆಗಳನ್ನು. 1965ರಲ್ಲಿ ಆ ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳಲು ಒಬ್ಬ ತರುಣ ಕೆಲಸಕ್ಕೆ ಸೇರಿದರು. ಅವರ ಹೆಸರು ಗುನ್‌ಪೇ ಯೊಕೊಯಿ. ಯಂತ್ರ ಕೆಟ್ಟರೆ ಸರಿಮಾಡುವ ಕೆಲಸ ಅವರದು, ಅಂದರೆ ನನ್ನ ಜಾತಿಯ ಕೆಲಸ. 1980ರಲ್ಲಿ ಅವರು ಕ್ಯಾಲ್ಕುಲೇಟರಿನ ಅಗ್ಗದ ಪರದೆ ಬಳಸಿ ‘ಗೇಮ್ ಅಂಡ್ ವಾಚ್’ ಎಂಬ ಕಿಸೆಯೊಳಗಿನ ಆಟಿಕೆ ಮಾಡಿದರು. 1989ರಲ್ಲಿ ಅವರ ತಂಡ ಗೇಮ್‌ಬಾಯ್ ತಂದಿತು.

ಆ ಗೇಮ್‌ಬಾಯ್‌ನಲ್ಲಿ ಏನಿತ್ತು ಕೇಳಿ. 160 ಅಡ್ಡ, 144 ಉದ್ದ ಚುಕ್ಕೆಗಳ ಪರದೆ. ಬಣ್ಣವಿಲ್ಲ, ಹಸಿರು ಛಾಯೆಯ ನಾಲ್ಕು ಮಟ್ಟ ಮಾತ್ರ. ಹಿಂದಿನಿಂದ ಬೆಳಕಿಲ್ಲ. ಕೆಲಸಕ್ಕೆ 8 ಕೆಬಿ ಮೆಮೊರಿ, ಚಿತ್ರಕ್ಕೆ ಇನ್ನೊಂದು 8 ಕೆಬಿ. ಅದೇ ಹೊತ್ತಿಗೆ ಅಟಾರಿಯವರ ಲಿಂಕ್ಸ್, ಮರುವರ್ಷ ಸೆಗಾದವರ ಗೇಮ್ ಗಿಯರ್ ಬಣ್ಣದ ಪರದೆ, ಹಿಂಬೆಳಕು ಹಾಕಿಕೊಂಡು ಮಾರುಕಟ್ಟೆಗೆ ಬಂದವು. ಅವು ಆರು ಪೆನ್ಸಿಲ್ ಸೆಲ್ಲು ನುಂಗಿ ಕೆಲವೇ ಗಂಟೆಯಲ್ಲಿ ಆರಿಹೋಗುತ್ತಿದ್ದವು. ಗೇಮ್‌ಬಾಯ್ ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು, ಅಗ್ಗವೂ ಗಟ್ಟಿಯೂ ಆಗಿತ್ತು. ಮುಂದೆ ಬಣ್ಣ ಬಂದ ಮಾದರಿಯನ್ನೂ ಸೇರಿಸಿದರೆ ಜಗತ್ತಿನಲ್ಲಿ ಸುಮಾರು 11.87 ಕೋಟಿ ಮಾರಾಟವಾದವು. ಬಳಸಿ ಹಳತಾದ, ಅಗ್ಗವಾದ, ಎಲ್ಲರಿಗೂ ಗೊತ್ತಿರುವ ಸಾಮಾನನ್ನೇ ಯಾರೂ ಯೋಚಿಸದ ರೀತಿಯಲ್ಲಿ ಬಳಸುವುದು ಯೊಕೊಯಿ ಅವರ ಪದ್ಧತಿ. ಕಡಿಮೆ ರೊಕ್ಕ, ಕಡಿಮೆ ನೆಟ್ಟು, ಹಳೆಯ ಫೋನು ಇಟ್ಟುಕೊಂಡ ನಮ್ಮೂರ ಮಕ್ಕಳು ಈ ಮಾತನ್ನು ಬೇರೆ ಯಾರಿಗಿಂತ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಗೇಮ್‌ಬಾಯ್ ಜೊತೆ ಅಮೆರಿಕದಲ್ಲಿ ಕೊಟ್ಟ ಆಟ ಟೆಟ್ರಿಸ್. ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಅದನ್ನು ಕಟ್ಟಿದ್ದರು. ಗೇಮ್‌ಬಾಯ್ ಟೆಟ್ರಿಸ್ ಪೂರ್ತಿ 32 ಕೆಬಿ. ಬೆಳಿಗ್ಗೆ ಎದ್ದ ಕೂಡಲೇ ಮಾವ ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಹೂವಿನ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. 32 ಕೆಬಿಯಲ್ಲಿ ಚಿತ್ರ, ಸಂಗೀತ, ನಿಯಮ, ಸೋಲು ಗೆಲುವು ಎಲ್ಲ ಹಿಡಿಸಿದವರು ಏನನ್ನು ಬಿಟ್ಟರು, ಏನನ್ನು ಇಟ್ಟುಕೊಂಡರು ಅಂತ ಒಮ್ಮೆ ಯೋಚಿಸಿ ಆಡಿ. ಇಲ್ಲಿನ ಜಾತ್ರೆಯ ಅಂಗಡಿಗಳಲ್ಲಿ ‘9999 ಆಟ’ ಅಂತ ಬರೆದ ಬ್ರಿಕ್ ಗೇಮು ಮಾರುತ್ತಿದ್ದರಲ್ಲ, ಅದರೊಳಗೆ ಬೀಳುತ್ತಿದ್ದ ಇಟ್ಟಿಗೆಗಳ ಮೂಲವೂ ಅದೇ. ಗೇಮ್‌ಬಾಯ್ ನಮ್ಮ ಕಡೆ ಬರಲಿಲ್ಲ, ಅದರ ಆಟ ಮಾತ್ರ ನಕಲಾಗಿ ಗಾಣಗಾಪುರದ ಜಾತ್ರೆಯವರೆಗೂ ಬಂತು.

ಈಗ ಎಮ್ಯುಲೇಟರ್ ಅಂದರೇನು ಅಂತ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಬಹಳ ಜನ ಅದನ್ನೇ ಆಟ ಅಂದುಕೊಂಡಿದ್ದೀರಿ. ನಮ್ಮೂರ ಸಕ್ಕರೆ ಕಾರ್ಖಾನಿಯ ಹಂಗಾಮಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಹೊಲದ ಮಾಲೀಕನಿಗೆ ಮರಾಠಿ ಬರದಿದ್ದರೆ ನಡುವೆ ಎರಡೂ ಭಾಷೆ ಬಲ್ಲವನೊಬ್ಬ ನಿಂತು ಮಾತು ದಾಟಿಸುತ್ತಾನೆ. ಎಮ್ಯುಲೇಟರ್ ಆ ನಡುವಿನ ಮನುಷ್ಯ. ಹಳೆಯ ಆಟ ತನ್ನ ಯಂತ್ರದ ಭಾಷೆಯಲ್ಲಿ ಆಜ್ಞೆ ಕೊಡುತ್ತದೆ. ಎಮ್ಯುಲೇಟರ್ ಅದನ್ನು ಒಂದೊಂದಾಗಿ ಓದಿ ನಿಮ್ಮ ಫೋನಿಗೆ ಗೊತ್ತಾಗುವ ಭಾಷೆಯಲ್ಲಿ ನಡೆಸುತ್ತದೆ. ಸೆಕೆಂಡಿಗೆ ಹತ್ತಿರ ಹತ್ತಿರ 60 ಸಲ ಪರದೆ ಬರೆಯಬೇಕು, ಶಬ್ದ ತಪ್ಪಬಾರದು, ಬಟನ್ ಒತ್ತಿದ್ದು ತಡವಾಗಬಾರದು. ಗೇಮ್‌ಬಾಯ್ ಚಿಪ್ಪಿನ ವೇಗ 4.19 ಮೆಗಾಹರ್ಟ್ಸ್. ಇವತ್ತಿನ ಅತಿ ಅಗ್ಗದ ಫೋನಿಗೂ ಅದು ಹಗುರದ ಕೆಲಸ. 2001ರ ಗೇಮ್‌ಬಾಯ್ ಅಡ್ವಾನ್ಸ್‌ನಲ್ಲಿದ್ದ ಎಆರ್‌ಎಂ ಚಿಪ್ಪು ನಿಮ್ಮ ಫೋನಿನ ಚಿಪ್ಪಿನ ಮನೆತನದ್ದೇ. ಸೋನಿಯ ಪಿಎಸ್‌ಪಿ ಬಂದದ್ದು 2004ರ ಕೊನೆಗೆ. ಅದರ ಚಿಪ್ಪು ಎಂಐಪಿಎಸ್ ಎಂಬ ಬೇರೆ ವಂಶದ್ದು, 333 ಮೆಗಾಹರ್ಟ್ಸ್‌ವರೆಗೆ ಓಡುವಂಥದ್ದು. ಅದಕ್ಕೇ ಪಿಎಸ್‌ಪಿ ಆಟ ಆಡುವಾಗ ಫೋನು ಬಿಸಿಯಾಗುವುದು, ದೊಡ್ಡ ಆಟ ತಡವರಿಸುವುದು.

ಪಿಪಿಎಸ್ಎಸ್‌ಪಿಪಿ ಎಂಬ ಎಮ್ಯುಲೇಟರನ್ನು 2012ರಲ್ಲಿ ಹೊರಗೆ ತಂದವರು ಹೆನ್ರಿಕ್ ರೈಡ್‌ಗಾರ್ಡ್. ಅದರ ಒಳಗಿನ ಬರಹ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಓದಬಹುದು. ಗೇಮ್‌ಬಾಯ್ ಅಡ್ವಾನ್ಸ್‌ಗೆ ಎಂಜಿಬಿಎ ಬರೆದವರು ವಿಕಿ ಫೌ. ಲೆಮ್ಯುರಾಯ್ಡ್, ರೆಟ್ರೋಆರ್ಕ್ ಅಂತ ಪ್ಲೇಸ್ಟೋರಿನಲ್ಲಿ ಸಿಗುವ ಆ್ಯಪ್‌ಗಳು ಇಂಥ ಹಲವರ ಕೆಲಸವನ್ನು ಒಂದೇ ಕಡೆ ಜೋಡಿಸಿ, ಜಾಹೀರಾತಿಲ್ಲದೆ, ಪುಕ್ಕಟೆ ಕೊಡುತ್ತವೆ. ಕಾಣದ ಊರಿನ ಜನ ರಾತ್ರಿ ಕೂತು, ಕಂಪನಿ ಹೇಳಿಕೊಡದ ಚಿಪ್ಪಿನ ಗುಟ್ಟನ್ನು ಒಂದೊಂದಾಗಿ ಪರೀಕ್ಷಿಸಿ ಬರೆದಿಟ್ಟದ್ದು ಇದು. ಆ ಹೆಸರುಗಳನ್ನು ನೆನಪಿಡಿ. ಆಟದ ಹೀರೋನ ಹೆಸರಿನಷ್ಟೇ ಸಲೀಸಾಗಿ ಅವು ನಿಮ್ಮ ಬಾಯಲ್ಲಿ ಬರಬೇಕು ಅನ್ನುವುದು ನನ್ನ ಆಸೆ.

ಇನ್ನೊಂದು ಕಷ್ಟದ ಮಾತು. ಎಮ್ಯುಲೇಟರ್ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಸೋನಿ ಕಂಪನಿ ಕನೆಕ್ಟಿಕ್ಸ್ ಎಂಬವರ ಮೇಲೆ ಹಾಕಿದ ಮೊಕದ್ದಮೆಯಲ್ಲಿ, ಇನ್ನೊಬ್ಬರ ಯಂತ್ರವನ್ನು ಅಭ್ಯಾಸ ಮಾಡಿ ಎಮ್ಯುಲೇಟರ್ ಬರೆಯುವುದು ನ್ಯಾಯವಾದದ್ದು ಅಂತ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ರಲ್ಲೇ ಹೇಳಿದೆ. ಆಟದ ಫೈಲು ಮಾತ್ರ ಬೇರೆ ಕಥೆ. ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ, ಗೆಳೆಯನ ಮೆಮೊರಿ ಕಾರ್ಡಿನಿಂದ ಹಾರಿಸಿಕೊಂಡ ರೋಮ್ ಫೈಲು, ಅಂದರೆ ಆಟದ ಪ್ರತಿ, ಬೇರೆಯವರ ಸೊತ್ತು. ಆಟ ಹಳೆಯದು, ಅಂಗಡಿಯಲ್ಲಿ ಸಿಗುವುದಿಲ್ಲ ಅಂದಾಕ್ಷಣ ಹಕ್ಕು ಹೋಗುವುದಿಲ್ಲ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ಕೊಂಡ ಪ್ರೋಗ್ರಾಮಿಗೆ ನೀವೇ ಒಂದು ಬ್ಯಾಕಪ್ ಮಾಡಿಕೊಳ್ಳಲು ಬಿಡುತ್ತದೆ. ಅದೇ ಕಾಯ್ದೆಯ 63-ಬಿ, ಕದ್ದ ಪ್ರತಿ ಅಂತ ಗೊತ್ತಿದ್ದೂ ಪ್ರೋಗ್ರಾಮನ್ನು ಬಳಸುವುದು ಅಪರಾಧ ಅನ್ನುತ್ತದೆ. 2024ರಲ್ಲಿ ಯುಜು ಎಂಬ ಎಮ್ಯುಲೇಟರ್ ಮಾಡಿದವರ ಮೇಲೆ ನಿಂಟೆಂಡೋ ದಾವೆ ಹೂಡಿದಾಗ ಅವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಹಾಕಬೇಕಾಯಿತು. ಅದು ಆಗಿನ್ನೂ ಅಂಗಡಿಯಲ್ಲಿ ಮಾರುತ್ತಿದ್ದ ಯಂತ್ರದ ಎಮ್ಯುಲೇಟರ್ ಆಗಿತ್ತು.

“ಕಾಕಾ, ಎಲ್ಲಾರೂ ಹಂಗೇ ಆಡ್ತಾರ” ಅಂತ ನೀವು ಅನ್ನುತ್ತೀರಿ. ಆಡುತ್ತಾರೆ, ನನಗೂ ಗೊತ್ತು. ಆದರೂ ಹೇಳುತ್ತೇನೆ: ಯಾರದೋ ಬೆವರನ್ನು ಪುಕ್ಕಟೆ ತಿನ್ನುವ ರೂಢಿ ಹದಿನಾಲ್ಕನೇ ವಯಸ್ಸಿನಲ್ಲಿ ಬಿದ್ದರೆ, ಮುಂದೆ ನೀವೇ ಕಷ್ಟಪಟ್ಟು ಮಾಡಿದ್ದಕ್ಕೆ ಬೆಲೆ ಕೇಳುವ ಧೈರ್ಯ ನಿಮಗೆ ಬರುವುದಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೇರೆ ಕಡೆಯ ಬೇಳೆಗೆ ಕಲಬುರಗಿಯ ಹೆಸರು ಹಚ್ಚಿ ಮಾರಬಾರದು ಅಂತ ನಮ್ಮ ಹೊಲದವರು ಬಯಸಿದ್ದು ನ್ಯಾಯವಾದರೆ, ಆಟ ಕಟ್ಟಿದವರು ಬಯಸುವುದೂ ನ್ಯಾಯವೇ.

ದಾರಿ ಇಲ್ಲವೆಂದಲ್ಲ. ಕೆಲವು ಹಳೆಯ ಆಟಗಳನ್ನು ಕಂಪನಿಗಳೇ ಫೋನಿಗೆ ಹೊಂದಿಸಿ ಮಾರುತ್ತವೆ. ಫೈನಲ್ ಫ್ಯಾಂಟಸಿಯ ಮೊದಲ ಭಾಗಗಳು ಹಾಗೆ ಪ್ಲೇಸ್ಟೋರಿಗೆ ಬಂದಿವೆ. ಮನೆಯಲ್ಲಿ ಹಳೆಯ ಪಿಎಸ್‌ಪಿಯೂ ಅದರ ಡಿಸ್ಕೂ ಇದ್ದರೆ ಆ ಯಂತ್ರದಿಂದಲೇ ನಿಮ್ಮ ಪ್ರತಿ ತೆಗೆಯಬಹುದು. ಎಲ್ಲಕ್ಕಿಂತ ದೊಡ್ಡ ದಾರಿ ಹೋಮ್‌ಬ್ರೂ. ಗೇಮ್‌ಬಾಯ್ ಮಾರಾಟ ನಿಂತು ಎಷ್ಟೋ ವರ್ಷವಾದರೂ ಅದಕ್ಕೆ ಇವತ್ತಿಗೂ ಹೊಸ ಆಟ ಕಟ್ಟುವವರಿದ್ದಾರೆ, ಅವುಗಳಲ್ಲಿ ಬಹಳಷ್ಟನ್ನು ಪುಕ್ಕಟೆ ಕೊಡುತ್ತಾರೆ. 2017ರಲ್ಲಿ ಬಂದ ‘ಟೋಬು ಟೋಬು ಗರ್ಲ್’ ಅಂಥದ್ದು. ಆಟವೂ ಪುಕ್ಕಟೆ, ಅದರ ಸೋರ್ಸ್ ಕೋಡೂ ತೆರೆದಿಟ್ಟದ್ದು. ಅಲ್ಲಿಂದ ಶುರುಮಾಡಿ.

ಮೋಸದ ಬಗ್ಗೆ ಚುಟುಕಾಗಿ. ಈ ವರ್ಷದ ಇಸವಿ ಹಚ್ಚಿದ ಕುಸ್ತಿ ಆಟ ಪಿಎಸ್‌ಪಿಗೆ ಬಂದಿದೆ ಅಂತ ಯಾರಾದರೂ ಫೈಲು ಕೊಟ್ಟರೆ ನೆನಪಿಡಿ, ಪಿಎಸ್‌ಪಿಯನ್ನು ಸೋನಿ 2014ರಲ್ಲೇ ನಿಲ್ಲಿಸಿದೆ. ಯಾರೋ ಹಳೆಯ ಆಟದ ಮೇಲೆ ಹೊಸ ಮುಖ ಅಂಟಿಸಿರುತ್ತಾರೆ, ಜೊತೆಗೆ ಇನ್ನೇನು ಅಂಟಿಸಿರುತ್ತಾರೋ ಗೊತ್ತಾಗದು. ಎಮ್ಯುಲೇಟರಿಗೆ ನಿಮ್ಮ ಎಸ್ಸೆಮ್ಮೆಸ್ ಓದುವ ಅನುಮತಿ ಬೇಡ, ಕಾಂಟ್ಯಾಕ್ಟ್ ಬೇಡ, ಕರೆ ಮಾಡುವ ಅನುಮತಿ ಬೇಡ. ಆಟ ಇಟ್ಟ ಫೋಲ್ಡರ್ ತೋರಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಕೇಳಿದ ಆ್ಯಪನ್ನು ಆ ಕ್ಷಣವೇ ತೆಗೆದುಹಾಕಿ. ನೀವು ಹಿಡಿದಿರುವುದು ಬಹಳ ಸಲ ಅಪ್ಪನ ಫೋನು. ಅದರಲ್ಲಿ ಕಬ್ಬಿನ ಬಿಲ್ಲು ಬೀಳುವ ಬ್ಯಾಂಕ್ ಖಾತೆ ಇದೆ, ಫೋನ್‌ಪೇ ಇದೆ. ಹಣ ಹೋಯಿತು ಅನ್ನಿಸಿದರೆ ಹೆದರಿ ಮುಚ್ಚಿಡಬೇಡಿ, ತಡಮಾಡದೆ 1930ಕ್ಕೆ ಫೋನ್ ಮಾಡಿ.

ದುಡ್ಡು ಕಟ್ಟಿ ಆಡುವ ಆಟದ ಹತ್ತಿರ ಮಾತ್ರ ಸುಳಿಯಬೇಡಿ. 2025ರ ಆಗಸ್ಟಿನಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಿದೆ. ಕಾಯ್ದೆಗಿಂತ ಮುಂಚೆಯೇ ನಮ್ಮ ಭಾಗದ ಎಷ್ಟೋ ಮನೆಗಳಿಗೆ ಅದರ ಬಿಸಿ ತಟ್ಟಿದೆ. ಹಳೆಯ ಕೈಯಾಟಗಳಲ್ಲಿ ನನಗೆ ಬಹಳ ಹಿಡಿಸುವುದು ಇದು: ಅವು ಕೊಳ್ಳುವಾಗ ಒಮ್ಮೆ ದುಡ್ಡು ಕೇಳಿದವು, ಆಮೇಲೆ ಕೇಳಲಿಲ್ಲ. ನೆಟ್ ಪ್ಯಾಕ್ ಮುಗಿದ ದಿನವೂ ನಡೆಯುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಒಂದು ಕೊನೆ ಇರುತ್ತದೆ. ಕೊನೆ ಮುಟ್ಟಿದ ಮೇಲೆ ಕಟ್ಟಿದವರ ಹೆಸರು ಸಾಲಾಗಿ ಬರುತ್ತವೆ, ನೀವು ಫೋನು ಕೆಳಗಿಟ್ಟು ಏಳಬಹುದು.

ಆ ಕೊನೆಯನ್ನು ನೀವು ಹೇಗೆ ಮುಟ್ಟುತ್ತೀರಿ ಅನ್ನುವುದರ ಬಗ್ಗೆ ನನಗೆ ತಕರಾರಿದೆ. ಎಮ್ಯುಲೇಟರಿನಲ್ಲಿ ಎರಡು ಬಟನ್ ಇವೆ: ಸೇವ್ ಸ್ಟೇಟ್ ಒಂದು, ಫಾಸ್ಟ್ ಫಾರ್ವರ್ಡ್ ಇನ್ನೊಂದು. ಮೂಲ ಯಂತ್ರದಲ್ಲಿ ಇವೆರಡೂ ಇರಲಿಲ್ಲ. ಹೊಂಡ ಜಿಗಿಯುವ ಮುಂಚೆ ಸೇವ್, ಬಿದ್ದರೆ ಹಿಂದಕ್ಕೆ, ಮತ್ತೆ ಜಿಗಿತ, ಮತ್ತೆ ಹಿಂದಕ್ಕೆ. ಹೀಗೆ ಆಡಿದವನ ಕೈ ಜಿಗಿಯುವುದನ್ನು ಕಲಿಯುವುದೇ ಇಲ್ಲ. ಆಟ ಕಟ್ಟಿದವರು ಮೊದಲು ಸಣ್ಣ ಹೊಂಡ, ಆಮೇಲೆ ದೊಡ್ಡದು, ಆಮೇಲೆ ಓಡುವ ಹಲಗೆ ಇಟ್ಟು ನಿಮ್ಮ ಬೆರಳಿಗೆ ಪಾಠ ಹೇಳಿರುತ್ತಾರೆ. ಆ ಪಾಠದ ಕ್ರಮವನ್ನು ನೀವು ಮುರಿದರೆ ಮುಂದೆ ನಿಮ್ಮದೇ ಆಟ ಕಟ್ಟುವಾಗ ಕ್ರಮ ಹೇಗಿರಬೇಕು ಅಂತ ತಿಳಿಯುವುದಿಲ್ಲ. ಅವ್ವ ಹೊಲಕ್ಕೆ ಬುತ್ತಿ ಕೊಟ್ಟು ಬಾ ಅಂತ ಕರೆದಾಗ ಸೇವ್ ಸ್ಟೇಟ್ ಬಳಸಿ, ಅದು ಅದಕ್ಕೆ ಸರಿಯಾದ ಸಾಧನ. ಹೊಂಡದ ಮುಂದೆ ಬಳಸಬೇಡಿ.

ಸೇವ್ ಸ್ಟೇಟನ್ನೇ ನಂಬಿಕೊಂಡು ಕೂಡಲೂಬೇಡಿ. ಪೋಕೆಮಾನ್‌ನ ಹಳೆಯ ಕ್ಯಾಸೆಟ್ಟಿನೊಳಗೆ ಒಂದು ಬಟನ್ ಸೆಲ್ಲು ಇರುತ್ತಿತ್ತು, ಆಟಗಾರನ ನೆನಪನ್ನು ಅದು ಕಾಯುತ್ತಿತ್ತು. ವರ್ಷಗಳಾದ ಮೇಲೆ ಸೆಲ್ಲು ಸತ್ತು ಎಷ್ಟೋ ಜನರ ಬಾಲ್ಯದ ಆಟ ಅಳಿಸಿಹೋಗಿದೆ. ನಿಮ್ಮ ಫೋನಿನಲ್ಲಿ ಆ ಸೆಲ್ಲಿನ ಜಾಗದಲ್ಲಿ ಕೆಲವು ಕೆಬಿಯ ಒಂದು ಸೇವ್ ಫೈಲು ಕೂತಿದೆ. ಆಟದೊಳಗಿನ ಮೆನುವಿನಿಂದಲೇ ಸೇವ್ ಮಾಡಿದರೆ ಆ ಫೈಲು ತಯಾರಾಗುತ್ತದೆ, ಮತ್ತು ಅದನ್ನು ಬೇರೆ ಎಮ್ಯುಲೇಟರೂ ಸಾಮಾನ್ಯವಾಗಿ ಓದುತ್ತದೆ. ಸೇವ್ ಸ್ಟೇಟ್ ಹಾಗಲ್ಲ, ಆ್ಯಪ್ ಬದಲಾದರೆ, ಕೆಲವೊಮ್ಮೆ ಬರೀ ಅಪ್‌ಡೇಟ್ ಆದರೂ, ತೆರೆಯದೆ ಹೋಗಬಹುದು. ವಾರಕ್ಕೊಮ್ಮೆ ಆ ಸಣ್ಣ ಫೈಲನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ. ಅಕ್ಕ ತಮ್ಮ ಒಂದೇ ಫೋನಿನಲ್ಲಿ ಆಡುವುದಾದರೆ ಇಬ್ಬರಿಗೂ ಬೇರೆ ಬೇರೆ ಫೋಲ್ಡರ್ ಮಾಡಿ.

ಅಕ್ಕ ಅಂದೆ. ಕಟ್ಟೆಯ ಮೇಲೆ ನಾನು ಹುಡುಗರನ್ನಷ್ಟೇ ನೋಡುತ್ತೇನೆ. ಹುಡುಗಿಯರ ಕೈಗೆ ಫೋನು ಬರುವುದು ಹಾಡು ಹಚ್ಚಲಿಕ್ಕೋ, ಶಾಲೆಯ ಗ್ರೂಪ್ ನೋಡಲಿಕ್ಕೋ ಮಾತ್ರ. ತಮ್ಮಂದಿರೇ, ಇದನ್ನು ನೀವು ಸರಿಮಾಡಬೇಕು. ಸಂಜೆ ನೀವು ಒಂದು ತಾಸು ಆಡಿದರೆ ತಂಗಿಗೂ ಒಂದು ತಾಸು. ಪೋಕೆಮಾನ್ ಯೋಚಿಸಿದ ಸತೋಶಿ ತಾಜಿರಿ ಅವರು ಸಣ್ಣವರಿದ್ದಾಗ ಹುಳ ಹಿಡಿಯುವ ಹುಚ್ಚಿನವರು. ಎರಡು ಗೇಮ್‌ಬಾಯ್‌ಗಳ ನಡುವೆ ವೈರು ಜೋಡಿಸಿ ಒಬ್ಬರ ಪ್ರಾಣಿ ಇನ್ನೊಬ್ಬರಿಗೆ ಕೊಡುವ ಹಾಗೆ ಅವರು ಆಟ ಕಟ್ಟಿಸಿದರು. 1996ರಲ್ಲಿ ಜಪಾನಿನಲ್ಲಿ ಕೆಂಪು, ಹಸಿರು ಅಂತ ಎರಡು ಕ್ಯಾಸೆಟ್ಟು ತಂದು, ಒಂದರಲ್ಲಿ ಸಿಗುವ ಕೆಲವು ಪ್ರಾಣಿ ಇನ್ನೊಂದರಲ್ಲಿ ಸಿಗದಂತೆ ಮಾಡಿದ್ದರು. ಗೆಳೆಯರಿಲ್ಲದೆ ಆ ಆಟ ಪೂರ್ತಿಯಾಗುವುದಿಲ್ಲ ಅನ್ನುವುದು ಉದ್ದೇಶ. ಫೋನಿನಲ್ಲಿ ಆ ವೈರು ಇಲ್ಲ. ಆ ಕೊರತೆಯನ್ನು ನೀವು ಜೊತೆ ಕೂತು, ಫೋನು ದಾಟಿಸಿ, ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತುಂಬಿಕೊಳ್ಳಿ.

ನಮ್ಮ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಚಾರ್ಜಿಗೆ ಹಾಕಿದ ಫೋನಿನಲ್ಲಿ ಪಿಎಸ್‌ಪಿ ಆಟ ಹಚ್ಚಬೇಡಿ, ಬ್ಯಾಟರಿ ಉಬ್ಬಿದ ಫೋನುಗಳನ್ನು ಸಾಕಷ್ಟು ಬಿಚ್ಚಿದ್ದೇನೆ. ಗೇಮ್‌ಬಾಯ್ ಆಟವಾದರೆ ಫೋನು ತಣ್ಣಗಿರುತ್ತದೆ. ಪರದೆಯ ಮೇಲಿನ ಬಟನ್ನಿಗೆ ಹೆಬ್ಬೆರಳು ನೋಯುತ್ತಿದ್ದರೆ ಹೊತ್ತು ಹೊತ್ತಿಗೆ ಬಿಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನೀವು ಕಟ್ಟಬೇಕು. ಗೇಮ್‌ಬಾಯ್ ಇದಕ್ಕೆ ಹೇಳಿ ಮಾಡಿಸಿದ ಯಂತ್ರ, ಯಾಕೆಂದರೆ ಒಬ್ಬ ಮನುಷ್ಯನ ತಲೆಯಲ್ಲಿ ಅದು ಪೂರ್ತಿ ಹಿಡಿಸುತ್ತದೆ. ನಿಮ್ಮ ಫೋನಿನ ಒಳಗನ್ನು ಪೂರ್ತಿ ಬಲ್ಲ ಒಬ್ಬನೇ ಮನುಷ್ಯ ಎಲ್ಲೂ ಇಲ್ಲ. ಗೇಮ್‌ಬಾಯ್‌ನ ಒಳಗನ್ನು ಪಿಯುಸಿಯ ಹುಡುಗಿಯೊಬ್ಬಳು ಒಂದು ಬೇಸಿಗೆ ರಜೆಯಲ್ಲಿ ತಿಳಿದುಕೊಳ್ಳಬಹುದು. ಅದರ ಚಿಪ್ಪು ಇಂಟೆಲ್ 8080 ಮತ್ತು ಜೈಲಾಗ್ ಜೆಡ್80 ಇವೆರಡರ ಸಂಬಂಧಿ. ಪಾಲಿಟೆಕ್ನಿಕ್‌ನಲ್ಲಿ 8085 ಕಿಟ್ಟಿನ ಮೇಲೆ ಕಲಿತ ಅಣ್ಣಂದಿರು ಊರಲ್ಲಿದ್ದರೆ ಅವರನ್ನು ಹಿಡಿಯಿರಿ, ರಿಜಿಸ್ಟರ್ ಎ, ಬಿ, ಸಿ ಅಂದರೆ ಏನು ಅಂತ ಅವರಿಗೆ ಗೊತ್ತು. ಅವರು ಪರೀಕ್ಷೆಗೆ ಓದಿ ಮರೆತ ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲ ಆಟಕ್ಕೆ ಅಷ್ಟೂ ಬೇಡ. ಜಿಬಿ ಸ್ಟುಡಿಯೋ ಅಂತ ಒಂದು ಸಾಧನವಿದೆ, ಕ್ರಿಸ್ ಮಾಲ್ಟ್‌ಬಿ 2019ರಲ್ಲಿ ತಂದದ್ದು. ಪುಕ್ಕಟೆ. ಚಿತ್ರ ಹಾಕಿ, ಮನುಷ್ಯರನ್ನು ನಿಲ್ಲಿಸಿ, ಯಾರ ಹತ್ತಿರ ಹೋದರೆ ಏನು ಮಾತು ಅಂತ ಜೋಡಿಸಿದರೆ ಅದು ನಿಜವಾದ ಗೇಮ್‌ಬಾಯ್ ಫೈಲು ಮಾಡಿಕೊಡುತ್ತದೆ. ಆ ಫೈಲು ನಿಮ್ಮ ಫೋನಿನ ಎಮ್ಯುಲೇಟರಿನಲ್ಲಿ ನಡೆಯುತ್ತದೆ. ಕಟ್ಟಲು ಮಾತ್ರ ಕಂಪ್ಯೂಟರ್ ಬೇಕು. ಶಾಲೆಯ ಲ್ಯಾಬಿನಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ; ಆಟ ಆಡುತ್ತೇವೆ ಅನ್ನಬೇಡಿ, ಆಟ ಮಾಡುತ್ತೇವೆ ಅನ್ನಿ.

ಕನ್ನಡದಲ್ಲಿ ಮಾಡಿ. ಇಲ್ಲಿ ನಿಜವಾದ ಕುಸ್ತಿ ಶುರುವಾಗುತ್ತದೆ. ಗೇಮ್‌ಬಾಯ್ ಪರದೆ 8 ಅಡ್ಡ 8 ಚುಕ್ಕೆಯ ಸಣ್ಣ ಚೌಕಗಳಿಂದ ಆಗಿದೆ. ಅಡ್ಡಕ್ಕೆ 20, ಉದ್ದಕ್ಕೆ 18 ಚೌಕ. ಇಂಗ್ಲಿಷಿನ ಒಂದು ಅಕ್ಷರ ಒಂದು ಚೌಕದಲ್ಲಿ ಆರಾಮಾಗಿ ಕೂಡುತ್ತದೆ. ಜಪಾನಿಯರಿಗೇ ಕಷ್ಟವಾಗಿತ್ತು: ಅವರ ಚಿತ್ರಲಿಪಿ ಅಷ್ಟು ಸಣ್ಣದರಲ್ಲಿ ಹಿಡಿಸದ್ದಕ್ಕೆ ಮೊದಲ ಪೋಕೆಮಾನ್ ಪೂರ್ತಿ ಕಾನಾ ಎಂಬ ಸರಳ ಅಕ್ಷರದಲ್ಲೇ ಬಂತು. ನಮ್ಮ ‘ರ’ ಹೇಗೋ ಕೂಡಬಹುದು. ‘ಹೊ’ ಕೂಡುವುದಿಲ್ಲ. ‘ಕ್ಷ್ಮಿ’ಯಂತೂ ಆಗದ ಮಾತು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. 16 ಅಡ್ಡ 16 ತೆಗೆದುಕೊಂಡರೆ ಒಂದು ಅಕ್ಷರಕ್ಕೆ ನಾಲ್ಕು ಚೌಕ. ಆಗ ಒಂದು ಸಾಲಿಗೆ ಹತ್ತೇ ಅಕ್ಷರ. ಒಂದೇ ಹೊತ್ತಿಗೆ ಹಿನ್ನೆಲೆಗೆ ಬಳಸಬಹುದಾದ ಬೇರೆ ಬೇರೆ ಚೌಕ 256. ಬರೀ ಅಕ್ಷರಕ್ಕೇ ಎಲ್ಲ ಕೊಟ್ಟರೂ 64 ಅಕ್ಷರ, ಆಮೇಲೆ ಮನೆ, ಮರ, ದಾರಿ ಬರೆಯಲು ಏನೂ ಉಳಿಯುವುದಿಲ್ಲ. ಕಾಗುಣಿತ, ಒತ್ತು ಎಲ್ಲ ಲೆಕ್ಕ ಹಾಕಿದರೆ ನಮಗೆ ಬೇಕಾಗುವುದು ನೂರಾರು.

ಹೆದರಬೇಡಿ. ಹತ್ತು ಅಕ್ಷರದಲ್ಲಿ ಮಾತು ಮುಗಿಸುವುದು ನಮ್ಮ ಭಾಗದವರಿಗೆ ಕಷ್ಟವಲ್ಲ. “ನೀನು ಎಲ್ಲಿಗೆ ಹೋಗುತ್ತಿದ್ದೀಯಾ?” ಅಂತ ಪುಸ್ತಕದ ಭಾಷೆಯಲ್ಲಿ ಬರೆದರೆ ಸಾಲು ದಾಟಿಹೋಗುತ್ತದೆ. “ಎಲ್ಲಿಗಿ ಹೊಂಟಿ?” ಅಂತ ನಾವು ಮಾತಾಡುವ ಹಾಗೆ ಬರೆಯಿರಿ, ಜಾಗ ಮಿಕ್ಕುತ್ತದೆ. ಮೊದಲು ಆಟದ ಮಾತೆಲ್ಲ ಕಾಗದದ ಮೇಲೆ ಬರೆದು, ಅದರಲ್ಲಿ ಯಾವ ಯಾವ ಅಕ್ಷರ ಬಂದಿವೆ ಅಂತ ಪಟ್ಟಿ ಮಾಡಿ, ಅಷ್ಟನ್ನೇ ಬಿಡಿಸಿ. ಒತ್ತು ಕಡಿಮೆಯಿರುವ ಮಾತು ಹುಡುಕಿ. ಆಯಾ ದೃಶ್ಯಕ್ಕೆ ಬೇಕಾದ ಅಕ್ಷರ ಮಾತ್ರ ಆಗ ತಂದು ಹಾಕುವ ಉಪಾಯವನ್ನೂ ನಿಧಾನಕ್ಕೆ ಕಲಿಯುತ್ತೀರಿ. ಇಷ್ಟು ಮಾಡುವ ಹೊತ್ತಿಗೆ ಕನ್ನಡದ ಲಿಪಿ ಯಾವ ತುಂಡುಗಳಿಂದ ಆಗಿದೆ ಅನ್ನುವುದು ಯಾವ ಮಾಸ್ತರರೂ ಹೇಳಿಕೊಡದಷ್ಟು ನಿಮಗೆ ತಿಳಿದಿರುತ್ತದೆ.

ಕಥೆಗೆ ದೂರ ಹೋಗಬೇಡಿ. ಕಾರ್ಖಾನಿಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಂತಿವೆ, ತನ್ನ ಅಪ್ಪನ ಟ್ರ್ಯಾಕ್ಟರು ಎಲ್ಲಿದೆ ಅಂತ ಬುತ್ತಿ ಹಿಡಿದ ಹುಡುಗಿ ಹುಡುಕಬೇಕು. ಇದೊಂದು ಆಟ. ಭೀಮೆಗೆ ನೀರು ಬಂದಿದೆ, ಹೊಳೆಯಾಚೆ ಉಳಿದ ಎಮ್ಮೆಯನ್ನು ಕತ್ತಲಾಗುವ ಮುಂಚೆ ಮನೆ ಮುಟ್ಟಿಸಬೇಕು. ಇನ್ನೊಂದು. ಸ್ವಲ್ಪ ಪಳಗಿದ ಮೇಲೆ ಹುಲಿಮನಿ ಆಟವನ್ನೇ ತೆಗೆದುಕೊಳ್ಳಿ. ಮೂರು ಹುಲಿ, ಹದಿನೈದು ಕುರಿಯ ಆ ಲೆಕ್ಕಾಚಾರವನ್ನು ಹಿರಿಯರು ಗುಡಿಯ ಬಂಡೆಗಲ್ಲಿನ ಮೇಲೆ ಗೆರೆ ಕೊರೆದು ಆಡುತ್ತಿದ್ದರು. ಅದಕ್ಕೆ ಜಿಬಿ ಸ್ಟುಡಿಯೋ ಸಾಲದು, ಸಿ ಭಾಷೆಯಲ್ಲಿ ಜಿಬಿಡಿಕೆ ಎಂಬ ಸಾಧನ ಹಿಡಿಯಬೇಕಾಗುತ್ತದೆ. ಹುಲಿಯ ಪಾಲನ್ನು ಯಂತ್ರವೇ ಆಡುವಂತೆ ಬರೆದರೆ, ಯಂತ್ರ ಹೇಗೆ ಯೋಚಿಸಬೇಕು ಅಂತ ನೀವೇ ಅದಕ್ಕೆ ಕಲಿಸಿದ ಹಾಗಾಯಿತು.

ಇದರಿಂದ ನೌಕರಿ ಸಿಗುತ್ತದಾ ಅಂತ ಅಪ್ಪ ಕೇಳುತ್ತಾರೆ. ಸುಳ್ಳು ಆಸೆ ಹುಟ್ಟಿಸಲಾರೆ. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಆಟ ಕಟ್ಟುವ ಕಂಪನಿ ಶುರುಮಾಡಿದರು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಅಂತಲೇ ಕರ್ನಾಟಕ ಸರ್ಕಾರ 2012ರಲ್ಲಿ ನೀತಿಯೊಂದನ್ನು ತಂದಿತು. ಅಲ್ಲಿ ಕೆಲಸಗಳಿವೆ, ಪೈಪೋಟಿಯೂ ಇದೆ. ಆದರೆ ಹತ್ತನೇ ತರಗತಿಯಲ್ಲಿ ಒಂದು ಸಣ್ಣ ಆಟವನ್ನು ಮೊದಲಿನಿಂದ ಕೊನೆವರೆಗೆ ಕಟ್ಟಿ ಮುಗಿಸಿದವರು ಯಾವ ಕೆಲಸಕ್ಕೆ ಹೋದರೂ ಅದರ ಒಳಗನ್ನು ಬಿಚ್ಚಿ ನೋಡಲು ಅಂಜುವುದಿಲ್ಲ. ಅಷ್ಟನ್ನು ನನ್ನ ಅನುಭವದ ಮೇಲೆ ಹೇಳಬಲ್ಲೆ.

ಮೊದಲ ವಾರದ ಕೆಲಸ ಹೇಳಿಬಿಡುತ್ತೇನೆ. ಗಣಿತದ ಚೌಕುಳಿ ನೋಟ್‌ಬುಕ್ ತೆಗೆದುಕೊಳ್ಳಿ. 16 ಅಡ್ಡ 16 ಚೌಕ ಗುರುತು ಮಾಡಿ ‘ಹವಳಗಾ’ ಎಂಬ ನಾಲ್ಕು ಅಕ್ಷರ ಪೆನ್ಸಿಲಿನಲ್ಲಿ ತುಂಬಿ. ತೋಳಿನಷ್ಟು ದೂರದಿಂದ ಓದಲು ಬರಬೇಕು, ‘ಹ’ ಮತ್ತು ‘ಹಾ’ ಬೇರೆ ಬೇರೆ ಕಾಣಬೇಕು, ‘ವ’ ಹೋಗಿ ‘ಪ’ ಆಗಬಾರದು. ಬಿಡಿಸಿದ್ದನ್ನು ಸಂಜೆ ನನ್ನ ಮನೆಗೆ ತನ್ನಿ. ಎಲ್ಲಿ ಒಂದು ಚುಕ್ಕೆ ಅಳಿಸಬೇಕು, ಎಲ್ಲಿ ಒಂದು ಹೆಚ್ಚು ಬೇಕು ಅಂತ ಕೂತು ನೋಡೋಣ, ಆಮೇಲೆ ಲ್ಯಾಬಿನ ಕಂಪ್ಯೂಟರಿಗೆ ಹಾಕೋಣ.